ಕಂಠಿಯ ಸೌಜನ್ಯ

ದಾಕ್ಷಾಯಣಿಯ ದನಿ ಹೋದದ್ದು ಒಂದು ಜ್ವರದಲ್ಲಿ. ಆ ವರ್ಷದ ಚಳಿಗಾಲದಲ್ಲಿ ಅರ್ಧ ಹುಬ್ಬಳ್ಳಿಯನ್ನು ಹಾಸಿಗೆಗೆ ಕೆಡವಿದ ಹೊಸ ವೈರಸ್ಸಿನ ಜ್ವರ ಅದು. ಬಹಳ ಜನಕ್ಕೆ ವಾರದಲ್ಲಿ ಇಳಿಯಿತು. ಕೆಲವರಲ್ಲಿ ಮಾತ್ರ ಹೋಗುವಾಗ ಗಂಟಲಿನ ನರಗಳನ್ನು ತಿಂದುಕೊಂಡು ಹೋಯಿತು. ದಾಕ್ಷಾಯಣಿ ಅಂಥವರಲ್ಲಿ ಒಬ್ಬಳು. ಜ್ವರ ಬಿಟ್ಟ ಬೆಳಿಗ್ಗೆ ತಾಯಿಯನ್ನು ಕರೆಯಲು ಬಾಯಿ ತೆರೆದಳು. ಬರೀ ಉಸಿರು ಬಂತು. ತುಟಿ ಆಡುತ್ತಿದ್ದವು, ದನಿ ಇರಲಿಲ್ಲ. ನಾಲಿಗೆಯ ಬುಡಕ್ಕೂ ಏಟು ಬಿದ್ದಿದ್ದರಿಂದ ಪಿಸುಮಾತೂ ಹೊರಡುತ್ತಿರಲಿಲ್ಲ.

ಬೇರೆಯವರಿಗೆ ದನಿ ಹೋಗುವುದೇ ಬೇರೆ, ಅವಳಿಗೆ ಹೋಗುವುದೇ ಬೇರೆ. ಹುಬ್ಬಳ್ಳಿ-ಧಾರವಾಡದ ತುರ್ತುಸೇವೆಯ ನಿಯಂತ್ರಣ ಕೊಠಡಿಯಲ್ಲಿ ಕರೆ ತೆಗೆದುಕೊಳ್ಳುವುದು ಅವಳ ಕೆಲಸ. ಬೆಂಕಿ ಬಿದ್ದಾಗ, ಬಸ್ಸು ಮಗುಚಿದಾಗ, ದಾರಿಯಲ್ಲೇ ಹೆರಿಗೆ ನೋವು ಬಂದಾಗ ಜನ ಮೊದಲು ಕೇಳುತ್ತಿದ್ದುದು ಅವಳ ದನಿ. ಅದು ಸಿಹಿ ದನಿಯೇನಲ್ಲ. ಅಳುತ್ತ ಕೂತವರಿಗೆ "ಅಳೂದು ಆಮ್ಯಾಲೆ, ಮೊದಲ ಅವರ ಎದಿ ಒತ್ರಿ!" ಎಂದು ಗದರುತ್ತಿದ್ದಳು. ಆ ಗದರಿಕೆಯಿಂದಲೇ ಬದುಕಿದವರು ಊರಲ್ಲಿ ಬಹಳ ಮಂದಿ ಇದ್ದರು. ಮದುವೆಯಾಗದೆ, ವಿಧವೆ ತಾಯಿ ಗೌರವ್ವನ ಜೊತೆ ಗೋಕುಲ ರೋಡಿನ ಚಿಕ್ಕ ಮನೆಯಲ್ಲಿದ್ದ ಅವಳಿಗೆ ನಲವತ್ತು ದಾಟಿತ್ತು.

ಗಂಟಲಿನ ಡಾಕ್ಟರು ಭರವಸೆ ಕೊಟ್ಟರು. ಕಾಲಿನಿಂದ ನರ ತೆಗೆದು ಗಂಟಲಿಗೆ ಜೋಡಿಸುವ ಹೊಸ ಶಸ್ತ್ರಚಿಕಿತ್ಸೆ ಇತ್ತು. ಆದರೆ ನರದ ಅಪ್ಪಣೆ ಸಿಗದ ಸ್ನಾಯು ಬಹಳ ದಿನ ಜೀವ ಹಿಡಿಯುವುದಿಲ್ಲ, ಒಂದೂವರೆ ವರ್ಷದೊಳಗೆ ಜೋಡಣೆ ಆಗಲೇಬೇಕು ಎಂದರು. ಖರ್ಚು ಅವಳ ಕೈಮೀರಿದ್ದು. ಅದಕ್ಕೇ ಎಂದು ವರ್ಷಗಟ್ಟಲೆ ಕಟ್ಟಿಕೊಂಡು ಬಂದ 'ನಿರಾಳ' ಕಂಪನಿಯ ಗಂಭೀರ ಕಾಯಿಲೆ ಪಾಲಿಸಿ ಇತ್ತು. ಅದರಲ್ಲಿ 'ಮಾತಿನ ನಷ್ಟ'ವೂ ಸೇರಿತ್ತು.

ಸೇರಿದ್ದ ಬಗೆ ಹೀಗೆ: ಧ್ವನಿತಂತುಗಳ ಗಾಯದಿಂದಾಗಲಿ ರೋಗದಿಂದಾಗಲಿ ಮಾತನಾಡುವ ಶಕ್ತಿ ಸಂಪೂರ್ಣವಾಗಿ, ಮರಳಿ ಬಾರದಂತೆ ಹೋಗಿರಬೇಕು, ಆ ಸ್ಥಿತಿ ಹನ್ನೆರಡು ತಿಂಗಳು ನಿರಂತರವಾಗಿ ಇರಬೇಕು.

ಡಾಕ್ಟರು ಅದನ್ನು ಓದಿ ಕನ್ನಡಕ ತೆಗೆದರು. "ನನ್ನ ಪ್ರಕಾರ ನಿಮ್ಮ ದನಿ ಹೋಗೇತಿ. ಅವರ ಪ್ರಕಾರ ಹೋಗಾಕ ಇನ್ನೂ ಒಂದ ವರ್ಷ ಬೇಕು. ಕಾಯ್ರಿ. ವರ್ಷ ಮುಗದ ಕೂಡ್ಲೆ ಆಪರೇಶನ್ ಮಾಡೋಣು. ಟೈಮ್ ಇರತೈತಿ."

ಅವಳು ಕಾದಳು. ಮೊಬೈಲಿನಲ್ಲಿ ಟೈಪು ಮಾಡಿ ತೋರಿಸುತ್ತ, ಕೈಸನ್ನೆ ಮಾಡುತ್ತ, ತರಕಾರಿ ಅಂಗಡಿಯಲ್ಲಿ ಬೆರಳು ತೋರಿಸುತ್ತ ದಿನ ದೂಡಿದಳು. ಗೌರವ್ವ ಮಗಳ ತುಟಿ ನೋಡಿ ಅರ್ಥ ಮಾಡಿಕೊಳ್ಳಲು ಕಲಿಯತೊಡಗಿದಳು. ಹನ್ನೊಂದನೆಯ ತಿಂಗಳು ನಡೆಯುತ್ತಿದ್ದಾಗ ನಿರಾಳದ ಕಡೆಯಿಂದ ಒಬ್ಬ ಅಧಿಕಾರಿ ಮನೆಗೇ ಬಂದ. ಹೆಸರು ಸುಮಂತ ಹೆರ್ಗ. ಬೆಂಗಳೂರಿನ ಕಚೇರಿಯಲ್ಲಿ ವ್ಯಾಖ್ಯಾ ವಿಭಾಗದ ಮುಖ್ಯಸ್ಥ, ಎಂದರೆ ಯಾವುದು ಕಾಯಿಲೆ, ಯಾವುದು ಅಲ್ಲ ಎಂದು ಬರೆಯುವವರ ಮೇಲಿನವ. ತಿಳಿನೀಲಿ ಅಂಗಿ, ಮೆತ್ತಗಿನ ಮಾತು. ಕೈಯಲ್ಲಿ ಒಂದು ಪೆಟ್ಟಿಗೆ.

"ಮೇಡಂ, ಇದು ಕಂಠಿ ಅಂತ. ನಿಮ್ಮಂಥವರಿಗಾಗಿಯೇ ನಮ್ಮ ಲ್ಯಾಬು ಮಾಡಿದ್ದು. ಪೂರ್ತಿ ಉಚಿತ. ನೀವು ಕಾಯ್ತಿರೋದು ನೋಡಿ ನಮಗೇ ಸಂಕಟ ಆಗ್ತಿತ್ತು," ಎಂದ.

ಪೆಟ್ಟಿಗೆಯಲ್ಲಿ ಎರಡು ಬೆರಳಗಲದ ಬೂದುಬಣ್ಣದ ಪಟ್ಟಿ ಇತ್ತು. ಮಾತಾಡಬೇಕು ಎಂದು ಮನಸ್ಸು ಮಾಡಿದ ಕೂಡಲೇ ತುಟಿ, ನಾಲಿಗೆ, ಗಂಟಲಿನ ಸ್ನಾಯುಗಳಿಗೆ ಸಣ್ಣ ವಿದ್ಯುತ್ತು ಹರಿಯುತ್ತದೆ, ದನಿ ಬರಲಿ ಬಾರದಿರಲಿ. ಚರ್ಮದ ಮೇಲೆ ಕೂತ ಕಂಠಿ ಅದನ್ನು ಹಿಡಿದು, ಯಾವ ಮಾತೆಂದು ಗುರುತಿಸಿ, ತನ್ನೊಳಗಿನ ಸ್ಪೀಕರಿನಿಂದ ಆಡುತ್ತದೆ. ಆಡುವುದೂ ಅವಳದೇ ದನಿಯಲ್ಲಿ. ನಿಯಂತ್ರಣ ಕೊಠಡಿಯ ಹಳೆಯ ಧ್ವನಿಮುದ್ರಣಗಳಿಂದ ಅದನ್ನು ಕಟ್ಟಿದ್ದರು. ತಪ್ಪು ಮಾತು ಬಂದರೆ ಪಟ್ಟಿಯನ್ನು ಬೆರಳಿಂದ ತಟ್ಟಬೇಕು. ತಟ್ಟದಿದ್ದರೆ ಸರಿಯಾಗಿದೆ ಎಂದು ಅದು ಕಲಿತುಕೊಳ್ಳುತ್ತದೆ.

ಹೆರ್ಗ ತಾನೇ ನಿಂತು ಅವಳ ಕೊರಳಿಗೆ ಅದನ್ನು ಕಟ್ಟಿದ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿಯ ಕಡೆ ತಿರುಗಿ ತುಟಿ ಆಡಿಸಿದಳು.

"ಅವ್ವಾ," ಎಂದಿತು ಕಂಠಿ.

ಗೌರವ್ವ ಕೈಯಲ್ಲಿದ್ದ ಸೌಟನ್ನು ಅಲ್ಲೇ ಬಿಟ್ಟು ಬಂದು ಮಗಳನ್ನು ಅಪ್ಪಿಕೊಂಡು ಅತ್ತಳು. ದಾಕ್ಷಾಯಣಿಯೂ ಅತ್ತಳು. ಹೆರ್ಗ ಕಣ್ಣೊರೆಸಿಕೊಂಡಂತೆ ಕಂಡಿತು. ಹೊರಡುವಾಗ ಗೌರವ್ವ ಅವನಿಗೆ ಒಂದು ಡಬ್ಬಿ ಕರದಂಟು ಕಟ್ಟಿಕೊಟ್ಟಳು.

ಹನ್ನೆರಡು ತಿಂಗಳು ತುಂಬಿತು, ದಾಕ್ಷಾಯಣಿ ಅರ್ಜಿ ಹಾಕಿದಳು. ಉತ್ತರ ಬೇಗ ಬಂತು. ಅರ್ಜಿ ತಿರಸ್ಕೃತ. ಮಾತಿನ ನಷ್ಟ ಹನ್ನೆರಡು ತಿಂಗಳು ನಿರಂತರವಾಗಿ ಇರಲಿಲ್ಲ. ಹನ್ನೊಂದನೆಯ ತಿಂಗಳಲ್ಲಿ ತಾವು ತಮ್ಮ ತಾಯಿಯವರೊಂದಿಗೆ ಮಾತನಾಡಿರುವುದು ಕಂಠಿಯಲ್ಲಿ ದಾಖಲಾಗಿದೆ. ತಮಗೆ ಮಾತು ಮರಳಿದ್ದಕ್ಕೆ ಅಭಿನಂದನೆಗಳು.

ಅವಳು ಅದನ್ನು ನಿಂತಲ್ಲೇ ಓದಿದಳು. 'ಅವ್ವಾ' ಎಂಬ ಒಂದು ಕರೆಯನ್ನು ಹಿಡಿದು ಅವಳ ಕೊರಳಿಗೇ ಸುತ್ತಿದ್ದರು. ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿ, ಇದ್ದಬದ್ದ ಬೈಗುಳವನ್ನೆಲ್ಲ ಗಂಟಲಿಗೆ ತಂದುಕೊಂಡು ತುಟಿ ಆಡಿಸಿದಳು.

"ನಮಸ್ಕಾರ. ತಮ್ಮ ನಿರ್ಧಾರದ ಬಗ್ಗೆ ಸ್ವಲ್ಪ ವಿವರಣೆ ಸಿಗಬಹುದೇ?" ಎಂದಿತು ಕಂಠಿ.

ಯಂತ್ರಕ್ಕೆ ಇನ್ನೂ ರೂಢಿಯಾಗಿಲ್ಲ ಎಂದುಕೊಂಡಳು. ಮೇಲ್ಮನವಿ ಬರೆದಳು. ಅದು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ, ಮಾತು ಬಂದಿದೆ ಎಂದಮೇಲೆ ಕೆಲಸಕ್ಕಾದರೂ ಹೋಗೋಣ ಎಂದು ನಿಯಂತ್ರಣ ಕೊಠಡಿಗೆ ಮರಳಿದಳು. ಮೊದಲ ದಿನಗಳು ಸುಸೂತ್ರವಾಗಿಯೇ ಕಳೆದವು. ವಿಳಾಸ ಕೇಳುವುದು, ಆಂಬುಲೆನ್ಸ್ ಕಳಿಸುವುದು. ಒಂದು ಮಧ್ಯಾಹ್ನ ಹಳೇ ಹುಬ್ಬಳ್ಳಿಯ ಕಡೆಯಿಂದ ಒಬ್ಬ ಹೆಂಗಸಿನ ಕರೆ ಬಂತು. ಅಡುಗೆಮನೆಯಲ್ಲಿ ಸಿಲಿಂಡರು ಸೋರುತ್ತಿದೆ, ಒಲೆ ಪಕ್ಕದ ಪರದೆಗೆ ಬೆಂಕಿ ಹತ್ತಿದೆ, ನೀರು ಹಾಕಲೋ ಬೇಡವೋ ಎನ್ನುತ್ತಿದ್ದಳು.

ದಾಕ್ಷಾಯಣಿ ಕುರ್ಚಿಯಿಂದೆದ್ದು ಬಾಯಿ ಬಿಟ್ಟಳು: ಎಲ್ಲಾ ಬಿಟ್ಟು ಓಡವಾ, ಹೊರಗ ಓಡು!

"ದಯವಿಟ್ಟು ಗಾಬರಿಯಾಗಬೇಡಿ. ಸಾಧ್ಯವಾದರೆ ನಿಧಾನವಾಗಿ ಹೊರಗೆ ಬನ್ನಿ," ಎಂದಿತು ಕಂಠಿ, ಅವಳದೇ ದನಿಯಲ್ಲಿ, ಅವಳು ಹುಟ್ಟಿದಾಗಿನಿಂದ ಎಂದೂ ಆಡದ ಶಾಂತಿಯಲ್ಲಿ.

ಪಟ್ಟಿ ತಟ್ಟಿದಳು. ಮತ್ತೆ ಕೂಗಿದಳು. "ದಯವಿಟ್ಟು ಗಾಬರಿಯಾಗಬೇಡಿ." ಆ ಕಡೆಯ ಹೆಂಗಸು, "ಹಂಗಾರ ಹಾಲು ಇಳಿಸಿ ಬರ್ಲೇನ್ರಿ?" ಎಂದು ಕೇಳಿದಳು. ಪಕ್ಕದ ಕುರ್ಚಿಯಲ್ಲಿದ್ದ ಸಹೋದ್ಯೋಗಿ ಹೆಡ್‌ಫೋನು ಕಿತ್ತುಕೊಂಡು, "ಓಡಬೇ ತಾಯೀ!" ಎಂದು ಕಿರುಚಿದ. ಹೆಂಗಸು ಉಳಿದಳು. ಅವಳ ಎಡಗೈ ಮಾತ್ರ ಮೊಣಕೈತನಕ ಸುಟ್ಟಿತು. ದಾಕ್ಷಾಯಣಿಯನ್ನು ಅಂದೇ ಕರೆಗಳಿಂದ ತೆಗೆದು ಕಡತಗಳ ಕೋಣೆಗೆ ಹಾಕಿದರು.

ಮನೆಗೆ ಬಂದವಳು ಚೀಲವನ್ನು ಮೂಲೆಗೆ ಒಗೆದಳು. ಗೌರವ್ವ ರೊಟ್ಟಿ ಬಡಿಯುತ್ತಿದ್ದಳು. "ಊಟಕ್ಕ ಬಾ," ಎಂದು ಮತ್ತೆ ಮತ್ತೆ ಕರೆದಾಗ ದಾಕ್ಷಾಯಣಿಗೆ ರೇಗಿತು. ನನಗ ಏನೂ ಬ್ಯಾಡ, ಸುಮ್ನ ಬಿಡು ನನ್ನ ಎಂದು ತುಟಿ ಹರಿಯುವಂತೆ ಅಂದಳು.

"ನನಗೆ ಅಷ್ಟು ಹಸಿವಿಲ್ಲ ಅಮ್ಮಾ. ನೀವು ಊಟ ಮಾಡಿ," ಎಂದಿತು ಕಂಠಿ.

ಗೌರವ್ವ ನಕ್ಕಳು. "ಈ ಪಟ್ಟಿ ಕಟ್ಟಿದ ಮ್ಯಾಲೆ ನೀ ಎಷ್ಟ ಮೆತ್ತಗಾಗಿ ನೋಡು. ಮೊದಲ ಬಾಯಿ ಬಿಟ್ರ ಬೆಂಕಿ. ಈಗ ಸಿಟ್ಟಿಲ್ಲ, ಸೆಡವಿಲ್ಲ. ನನಗ 'ನೀವು' ಅಂತಿ! ದೇವರು ದನಿ ತಗೊಂಡು ಗುಣ ಕೊಟ್ಟಾನ."

ದಾಕ್ಷಾಯಣಿ ತಾಯಿಯ ಮುಖವನ್ನೇ ನೋಡುತ್ತ ನಿಂತಳು. ತನಗಿಂತ ಈ ಪಟ್ಟಿಯೇ ತಾಯಿಗೆ ಒಳ್ಳೆಯ ಮಗಳಾಗಿತ್ತು. ಕೊರಳಿಗೆ ಕೈ ಹಾಕಿ ಅದನ್ನು ಬಿಚ್ಚಿ ಮೇಜಿನ ಮೇಲೆ ಎಸೆದಳು.

ಮರುದಿನ ಅದನ್ನು ಎತ್ತಿಕೊಂಡು ಧಾರವಾಡಕ್ಕೆ ಹೋದಳು. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ಮೆಹಜಬೀನ್ ಸವಣೂರ ಅಲ್ಲಿ ವಾಕ್-ವಿಜ್ಞಾನದ ಪ್ರಯೋಗಾಲಯ ನಡೆಸುತ್ತಿದ್ದಳು. ಮೆಹಜಬೀನ್ ಕಂಠಿಗೆ ತಂತಿಗಳನ್ನು ಜೋಡಿಸಿ, ದಾಕ್ಷಾಯಣಿಯ ಗಂಟಲಿಗೆ ತನ್ನದೇ ಸಂವೇದಕ ಅಂಟಿಸಿ, ನೂರಾರು ಮಾತು ಆಡಿಸಿದಳು. ಒಂದು ಪರದೆಯ ಮೇಲೆ ಗಂಟಲಿನಿಂದ ಹೊರಟದ್ದು, ಇನ್ನೊಂದರ ಮೇಲೆ ಕಂಠಿ ಆಡಿದ್ದು. ಕೆಲವು ದಿನ ಹೀಗೆ ನಡೆಯಿತು.

"ಕೇಳ್ಲೇ ದಾಕ್ಷಿ," ಎಂದಳು ಕೊನೆಗೆ. "ನಿನ್ನ ಗಂಟಲದಿಂದ ಬರೂದು ಅರ್ಧ ಮಾತು. ನರ ಸತ್ತಾವಲ್ಲ, ಅದಕ್ಕ ಪೂರಾ ಬರಾಂಗಿಲ್ಲ. ಉಳಿದರ್ಧ ಇದು ಊಹೆ ಮಾಡತೈತಿ. ಊಹೆ ತಪ್ಪಲ್ಲ, ಎಲ್ಲಾ ಯಂತ್ರಾನೂ ಹಂಗ ಮಾಡ್ತಾವು. ಆದ್ರ ಇದರೊಳಗ ಇನ್ನೊಂದು ಪದರ ಇಟ್ಟಾರ. ಅನುಮಾನ ಬಂದಲ್ಲೆಲ್ಲಾ ಸಿಟ್ಟಿನ ಮಾತು ಬಿಟ್ಟು ಸಮಾಧಾನದ ಮಾತು ಆರಿಸು ಅಂತ. ದೂರು ಹೇಳಾಕ ಹೋದ್ರ ಧನ್ಯವಾದ ಬರತೈತಿ."

ದಾಕ್ಷಾಯಣಿ ಟೈಪು ಮಾಡಿದಳು: *ಇಂಥಾವು ಎಷ್ಟ ಜನಕ್ಕ ಕಟ್ಟ್ಯಾರ?*

"ನನ್ನ ಲ್ಯಾಬಿಗೆ ಬಂದವರನ್ನ ವಿಚಾರಿಸೇನಿ. ಈ ಜ್ವರದಾಗ ದನಿ ಹೋದ ನಿರಾಳದ ಗಿರಾಕಿಗಳಿಗೆಲ್ಲಾ. ಎಲ್ಲಾರಿಗೂ ಹನ್ನೊಂದನೇ ತಿಂಗಳಿಗೇ. ಒಬ್ಬರೂ ಜೋರು ಮಾಡಿಲ್ಲ. ಹೆಂಗ ಮಾಡ್ತಾರ?"

ಇಷ್ಟರಲ್ಲಿ ಮೇಲ್ಮನವಿಯೂ ಬಿದ್ದುಹೋಗಿತ್ತು. ದಾಕ್ಷಾಯಣಿ ವಿಮಾ ನ್ಯಾಯಮಂಡಳಿಗೆ ದೂರು ಕೊಟ್ಟಳು. ವಿಚಾರಣೆಯ ದಿನ ದೂರ ಬಿತ್ತು, ಕಂಪನಿ ಕೇಳಿಕೊಂಡು ಅದನ್ನು ಇನ್ನೂ ದೂರ ತಳ್ಳಿತು. ಅಷ್ಟರಲ್ಲಿ ದನಿ ಹೋಗಿ ಒಂದೂವರೆ ವರ್ಷ ಕಳೆಯಿತು. ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ಗಂಟಲು ನೋಡಿ, ತಲೆಯೆತ್ತದೆ ಕೈ ತೊಳೆದುಕೊಂಡರು. ಸ್ನಾಯು ಒಣಗಿಹೋಗಿದ್ದವು. ಈಗ ಯಾವ ನರ ಜೋಡಿಸಿದರೂ ಅವು ಅಲುಗುವಂತಿರಲಿಲ್ಲ.

ಆ ಸಂಜೆ ಅವಳು ಅಳಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು ರಸ್ತೆಯ ದೀಪ ಹತ್ತುವುದನ್ನು ನೋಡಿದಳು. ಒಳಗೆ ಏನೋ ಕಾದು, ಕಾದು, ಗಟ್ಟಿಯಾಯಿತು. ಇನ್ನು ತನಗೆ ಬೇಕಾದದ್ದು ಹಣವಲ್ಲ, ಚಿಕಿತ್ಸೆಯೂ ಅಲ್ಲ ಎಂಬುದು ಸ್ಪಷ್ಟವಾದಾಗ ಒಂದು ಬಗೆಯ ಹಗುರವೇ ಆಯಿತು.

ಮೆಹಜಬೀನ್ ತನ್ನ ಪ್ರಯೋಗದ ವರದಿಯನ್ನು ಮಂಡಳಿಯ ಮುಂದಿಡೋಣ ಎಂದಳು. ದಾಕ್ಷಾಯಣಿ ಬೇಡವೆಂದು ತಲೆಯಾಡಿಸಿದಳು. ವರದಿಗೆ ಎದುರಾಗಿ ಅವರು ಇನ್ನೊಂದು ವರದಿ ತರುತ್ತಾರೆ. ಪರಿಣತರು ಪರಿಣತರ ಜೊತೆ ವರ್ಷಗಟ್ಟಲೆ ವಾದಿಸುತ್ತಾರೆ. ಅವಳ ತಲೆಯಲ್ಲಿ ಬೇರೆಯೇ ಇತ್ತು. ಎಸೆದಿದ್ದ ಕಂಠಿಯನ್ನು ಮತ್ತೆ ಕಟ್ಟಿಕೊಂಡಳು. ಒಂದು ಲೋಟ ನೀರು ತೆಗೆದುಕೊಂಡು ಮೆಹಜಬೀನಳ ಎದುರು ಕುಡಿದಳು. ನೀರು ನುಂಗುವಾಗ ಗಂಟಲು ಆಡಿದ್ದನ್ನು ಹಿಡಿದ ಕಂಠಿ, ಅದನ್ನೂ ಮಾತೆಂದು ತಿಳಿದು, "ನಮಸ್ಕಾರ," ಎಂದಿತು.

ದಾಕ್ಷಾಯಣಿ ಪಟ್ಟಿಯನ್ನು ತಟ್ಟಲಿಲ್ಲ.

ಮೆಹಜಬೀನ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ತಟ್ಟಲಿಲ್ಲ ಅಂದ್ರ ಸರಿ ಐತಿ ಅಂತ ಕಲೀತೈತಿ... ಅಂದ್ರ ನೀ..." ಎಂದು ನಿಲ್ಲಿಸಿ, "ಇದು ಮೋಸ ಅಲ್ಲೇನ?" ಎಂದು ಕೇಳಿದಳು.

*ನಾ ಅದಕ್ಕ ಒಂದ ಮಾತೂ ಹೇಳಿಕೊಡಾಂಗಿಲ್ಲ. ಅದು ಏನ ಅಂತೈತಿ, ಅನ್ನಲಿ. ನಾ ನೀರು ಕುಡೀತೇನಿ, ಅಷ್ಟ.*

"ನೀ ಗೆದ್ದರೂ ನಿನ್ನ ದನಿ ಬರಂಗಿಲ್ಲಲೇ."

*ಗೊತ್ತೈತಿ. ಆ ಹೆರ್ಗನ ಬಾಯಿ ಕಟ್ಟಬೇಕು.*

ಅಂದಿನಿಂದ ದಾಕ್ಷಾಯಣಿ ದಿನಾ ಸಂಜೆ ಕಂಠಿ ಕಟ್ಟಿಕೊಂಡು ನೀರು ಕುಡಿದಳು. ತಡೆಯುವವರಿಲ್ಲದ ಕಂಠಿಗೆ ಧೈರ್ಯ ಬಂತು. 'ನಮಸ್ಕಾರ'ದ ಜೊತೆ 'ಚೆನ್ನಾಗಿದ್ದೇನೆ' ಸೇರಿತು, 'ಧನ್ಯವಾದ' ಸೇರಿತು. ವಾರ ಕಳೆದಂತೆ ಒಂದೊಂದು ಗುಟುಕಿಗೂ ಉದ್ದುದ್ದ ಸಾಲು ಬರತೊಡಗಿದವು. ಗೌರವ್ವ ಮೊದಲು ಬೆರಗಾದಳು, ಆಮೇಲೆ ಹೆದರಿದಳು. "ಅದನ್ನ ತಗಿಯ ನನ್ನವ್ವಾ. ನೀರು ಕುಡಿಯೂವಾಗ ಮಾತಾಡಿದ್ರ ದೆವ್ವ ಮೆಟ್ಟಿದಂಗ ಕಾಣತೈತಿ," ಎಂದು ಬೇರೆ ಕೋಣೆಗೆ ಹೋಗಿಬಿಡುತ್ತಿದ್ದಳು.

ವಿಚಾರಣೆಯ ದಿನ ಧಾರವಾಡದ ಸಭಾಂಗಣ ತುಂಬಿತ್ತು. ಕೊರಳಿಗೆ ಬೂದು ಪಟ್ಟಿ ಕಟ್ಟಿಕೊಂಡ ಹಲವರು ಹಿಂದಿನ ಸಾಲುಗಳಲ್ಲಿ ಕೂತಿದ್ದರು. ಮಂಡಳಿಯ ಅಧ್ಯಕ್ಷೆ ತುಂಗಾ ಬಳೂರಗಿ ವಯಸ್ಸಾದ, ಮಾತು ಕಡಿಮೆಯ ಹೆಂಗಸು. ಹೆರ್ಗ ಅದೇ ತಿಳಿನೀಲಿ ಅಂಗಿಯಲ್ಲಿ ಬಂದು, ದಾಕ್ಷಾಯಣಿಯನ್ನು ಕಂಡು ಕೈಮುಗಿದ. ಸಾಕ್ಷಿಕಟ್ಟೆ ಹತ್ತಿ ಪ್ರಮಾಣ ಮಾಡಿದ. ದಾಕ್ಷಾಯಣಿಯ ಪರವಾಗಿ ಪ್ರಶ್ನೆ ಕೇಳಲು ಮೆಹಜಬೀನ್‌ಗೆ ಅನುಮತಿ ಇತ್ತು.

"ಕಂಠಿ ತನ್ನದು ಅಂತ ಒಂದಾದ್ರೂ ಮಾತು ಸೇರಸತೈತೇನ್ರಿ?"

"ಇಲ್ಲ. ಒಂದಕ್ಷರವೂ ಇಲ್ಲ. ಕಂಠಿಯಿಂದ ಹೊರಡೋ ಪ್ರತಿ ಮಾತೂ ಧರಿಸಿದವರದ್ದೇ. ನಮ್ಮ ವ್ಯಾಖ್ಯೆ ನಿಂತಿರೋದೇ ಅದರ ಮೇಲೆ," ಎಂದ ಹೆರ್ಗ.

"ಬಳಸ್ತಾ ಬಳಸ್ತಾ ತಾನ ಮಾತಾಡೂದು ಕಲಿಯಾಕ ಸಾಧ್ಯ ಐತೇನ್ರಿ?"

"ಸಾಧ್ಯವೇ ಇಲ್ಲ."

"ಪ್ರಮಾಣದ ಮೇಲೆ ಹೇಳ್ತಾ ಇದ್ದೀರಿ," ಎಂದರು ಅಧ್ಯಕ್ಷೆ.

"ಹೌದು ಮೇಡಂ."

ಅಧ್ಯಕ್ಷೆ ತಿರುಗಿದರು. "ದಾಕ್ಷಾಯಣಿಯವರೇ, ನಿಮ್ಮ ಹೇಳಿಕೆ."

ದಾಕ್ಷಾಯಣಿ ಎದ್ದು ನಿಂತಳು. ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ ತುಟಿಗಿಟ್ಟಳು. ಎಲ್ಲರೂ ಅವಳು ಗಂಟಲು ಒದ್ದೆ ಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡರು. ಅವಳು ನಿಧಾನವಾಗಿ ಕುಡಿಯತೊಡಗಿದಳು.

"ನಮಸ್ಕಾರ," ಎಂದಿತು ಕಂಠಿ, ಸಭಾಂಗಣದ ಮೂಲೆಮೂಲೆಗೂ ಕೇಳುವಂತೆ. "ನಾನು ಚೆನ್ನಾಗಿದ್ದೇನೆ. ನನಗೆ ಯಾವ ತೊಂದರೆಯೂ ಇಲ್ಲ. ನಿರಾಳದ ಸೇವೆಯಿಂದ ನನಗೆ ತುಂಬಾ ಸಂತೋಷವಾಗಿದೆ."

ಅವಳ ತುಟಿ ಲೋಟದ ಅಂಚಿಗೆ ಅಂಟಿಕೊಂಡಿದ್ದವು. ಗಂಟಲು ಏರಿ ಇಳಿಯುತ್ತಿತ್ತು. ನೀರು ಕಡಿಮೆಯಾಗುತ್ತಿತ್ತು. ದನಿ ನಿಲ್ಲಲಿಲ್ಲ. "ನನ್ನಿಂದ ನಿಮಗೆ ತೊಂದರೆ ಆಗಿದ್ದರೆ ಕ್ಷಮಿಸಿ. ನನ್ನ ಮಾತು ಮರಳಿ ಬಂದಿದೆ. ತಮ್ಮ ನಿರ್ಧಾರ ಏನೇ ಇರಲಿ, ನನಗೆ ಒಪ್ಪಿಗೆ. ಧನ್ಯವಾದಗಳು."

ಲೋಟ ಬರಿದಾಯಿತು. ದಾಕ್ಷಾಯಣಿ ಜಗ್ಗಿನಿಂದ ಮತ್ತೊಂದು ಲೋಟ ತುಂಬಿಕೊಂಡು ಅದನ್ನೂ ಕುಡಿದಳು. ಕಂಠಿ ಮೊದಲಿನಿಂದ ಶುರುಮಾಡಿತು. ಹಿಂದಿನ ಸಾಲಿನಲ್ಲಿ ಪಟ್ಟಿ ಕಟ್ಟಿಕೊಂಡಿದ್ದ ಮುದುಕನೊಬ್ಬ ತನ್ನ ಕೊರಳನ್ನು ಎರಡೂ ಕೈಯಿಂದ ಹಿಡಿದುಕೊಂಡ.

ಆಮೇಲೆ ಅವಳು ಲೋಟ ಕೆಳಗಿಟ್ಟು, ಹೆರ್ಗನ ಮುಂದೆ ಹೋಗಿ ನಿಂತು, ಬಾಯಿ ಅಗಲಿಸಿ, ಪೂರಾ ಸಭೆಗೆ ಕಾಣುವಂತೆ ಎರಡೇ ಅಕ್ಷರ ಆಡಿದಳು. ಅದು 'ಕಳ್ಳ' ಎಂದು ಕಣ್ಣಿದ್ದವರಿಗೆಲ್ಲ ತಿಳಿಯಿತು.

"ಮಾನ್ಯರೇ, ತಮಗೆ ನನ್ನ ವಂದನೆಗಳು," ಎಂದಿತು ಕಂಠಿ.

ಹೆರ್ಗ ಅಧ್ಯಕ್ಷೆಯ ಕಡೆ ತಿರುಗಿದ. "ಮೇಡಂ, ಇವರು ಬೇಕಂತಲೇ ಅದಕ್ಕೆ ಹೀಗೆ ಅಭ್ಯಾಸ ಮಾಡಿಸಿದ್ದಾರೆ! ಇದು ಇವರ ಮಾತೇ ಅಲ್ಲ!"

ಅಧ್ಯಕ್ಷೆ ಪೆನ್ನು ಕೆಳಗಿಟ್ಟರು. "ಇವರ ಮಾತಲ್ಲ. ಹಾಗಾದರೆ ಯಾರದು?"

ಹೆರ್ಗ ಬಾಯಿ ತೆರೆದ. ಅವಳ ಮಾತು ಎಂದರೆ, ನೀರು ಕುಡಿಯುತ್ತ ಮಾತಾಡುವ ಹೆಂಗಸನ್ನು ಸಭೆಗೆ ವಿವರಿಸಬೇಕು. ಅಲ್ಲ ಎಂದರೆ, ಅವನ ಪ್ರಮಾಣ ಸುಳ್ಳು. ಹನ್ನೊಂದನೆಯ ತಿಂಗಳಲ್ಲಿ 'ಅವ್ವಾ' ಎಂದದ್ದೂ ಅವಳಲ್ಲ. ಅವನ ತುಟಿ ಆಡಿದವು. ಏನೂ ಹೊರಡಲಿಲ್ಲ. ದಾಕ್ಷಾಯಣಿ ಒಂದು ಮೊಳ ದೂರದಲ್ಲಿ ನಿಂತು ಅದನ್ನು ಕಣ್ತುಂಬ ನೋಡಿದಳು. ಇಷ್ಟು ಸುಖ ಅವಳಿಗೆ ಬಹಳ ಕಾಲದಿಂದ ಆಗಿರಲಿಲ್ಲ.

ಮಂಡಳಿ ಕಂಠಿಯ ದನಿಯನ್ನು ಮನುಷ್ಯರ ಮಾತೆಂದು ಎಣಿಸಕೂಡದು ಎಂದು ಆದೇಶ ಮಾಡಿತು. ಅದರ ಆಧಾರದ ಮೇಲೆ ಮುಚ್ಚಿದ ಎಲ್ಲ ಅರ್ಜಿಗಳನ್ನು ಮತ್ತೆ ತೆರೆಯಬೇಕಾಯಿತು. ಅವರಲ್ಲಿ ಜ್ವರ ತಡವಾಗಿ ಬಂದು ಇನ್ನೂ ಸಮಯ ಮೀರದ ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಆಯಿತು. ಗದಗಿನ ಒಬ್ಬ ಮೇಷ್ಟ್ರಿಗೆ ದನಿ ಬಂತೆಂದು ಮೆಹಜಬೀನ್ ಹೇಳಿದಳು. ನಿರಾಳ ಕಂಪನಿ ಎಲ್ಲವನ್ನೂ ಹೆರ್ಗನ ತಲೆಗೆ ಕಟ್ಟಿ ಅವನನ್ನು ಹೊರಗೆ ಹಾಕಿತು. ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಅವನ ಮೇಲೆ ಮೊಕದ್ದಮೆ ಹೂಡಲಾಯಿತು. ದಾಕ್ಷಾಯಣಿಯ ಖಾತೆಗೆ ಹಣ ಬಂದು ಬಿತ್ತು. ಅವಳು ಅದನ್ನು ಮುಟ್ಟಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಹೆರ್ಗ ಮತ್ತೆ ಮನೆ ಬಾಗಿಲಿಗೆ ಬಂದ. ಗಡ್ಡ ಬಂದಿತ್ತು. ಬಾಗಿಲು ತೆರೆದ ಗೌರವ್ವ ಗುರುತು ಹಿಡಿಯದೆ ಒಳಗೆ ಕರೆದು ಕೂರಿಸಿದಳು. ಗುರುತು ಸಿಕ್ಕ ಮೇಲೂ ಎಬ್ಬಿಸಲು ಮನಸ್ಸಾಗದೆ ಚಹಾ ಇಡಲು ಹೋದಳು. ದಾಕ್ಷಾಯಣಿ ಎದುರಿನ ಕುರ್ಚಿಯಲ್ಲಿ ಬಂದು ಕೂತಳು. ಕೊರಳು ಬರಿದಾಗಿತ್ತು.

"ಮೇಡಂ, ಕಂಪನಿ ಹೇಳಿದ್ದನ್ನ ನಾನು ಬರೆದೆ. ನಾನೊಬ್ಬ ವ್ಯಾಖ್ಯೆ ಬರೆಯೋನು ಅಷ್ಟೆ. ಅದರಲ್ಲಿ ಯಾರ ಹೆಸರೂ ಇರಲಿಲ್ಲ, ನಿಮ್ಮ ಹೆಸರೂ ಇರಲಿಲ್ಲ," ಎಂದ. "ವೈಯಕ್ತಿಕ ದ್ವೇಷದಿಂದ ಮಾಡಿದ್ದಲ್ಲ ಅಂತ ಒಂದು ಮಾತು ನೀವು ಕೋರ್ಟಿಗೆ ಬರೆದುಕೊಟ್ಟರೆ ಜೈಲು ತಪ್ಪತ್ತೆ. ಒಂದೇ ಒಂದು ಮಾತು."

ಅವಳು ಸುಮ್ಮನೆ ನೋಡುತ್ತಿದ್ದಳು. ಅವನು ಇನ್ನಷ್ಟು ಮಾತಾಡಿದ. ಹೆಂಡತಿಯ ಬಗ್ಗೆ, ತಿರಸ್ಕಾರದಿಂದ ನೋಡುವ ನೆಂಟರ ಬಗ್ಗೆ ಹೇಳಿದ. ಹೇಳಿದಷ್ಟೂ ಅವಳ ಮೌನ ಅವನಿಂದ ಮತ್ತಷ್ಟು ಹೇಳಿಸಿತು. ಗೌರವ್ವ ಚಹಾ ತಂದು ಅವನ ಕೈಗೆ ಕೊಟ್ಟಳು. ಅವನು ಬಸಿಯಿಂದ ಕಪ್ಪು ಎತ್ತಿ ತುಟಿಯ ಹತ್ತಿರ ತಂದಿದ್ದ. ದಾಕ್ಷಾಯಣಿ ಎದ್ದು ಬಂದು, ಅವನ ಬೆರಳುಗಳ ನಡುವಿನಿಂದ ಕಪ್ಪನ್ನು ಬಿಡಿಸಿಕೊಂಡು, ಬಚ್ಚಲಿಗೆ ಹೋಗಿ ಚೆಲ್ಲಿ, ಖಾಲಿ ಕಪ್ಪನ್ನು ಅವನ ಮುಂದಿನ ಮೇಜಿನ ಮೇಲೆ ಬೋರಲು ಹಾಕಿದಳು. ಬಾಗಿಲು ತೆಗೆದು ಹಿಡಿದು ನಿಂತಳು.

ಹೆರ್ಗ ಎದ್ದು ಹೋದ. ಗೇಟಿನ ಸದ್ದು ಕೇಳಿಸಿತು.

ಗೌರವ್ವ ಬೋರಲು ಬಿದ್ದ ಕಪ್ಪನ್ನು ನೋಡಿದಳು, ಮಗಳನ್ನು ನೋಡಿದಳು. "ಬಾಗಿಲಿಗೆ ಬಂದಾವನ ಕೈಯಾನ ಚಾ ಕಸಗೋತಾರೇನ? ಇಷ್ಟ ಕಠೋರ ಆಗಬಾರದ ದಾಕ್ಷೀ. ಕ್ಷಮಿಸಿಬಿಡು ಅವನ್ನ."

ದಾಕ್ಷಾಯಣಿ ತಾಯಿಯ ಎರಡೂ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ತುಟಿ ಬಿಡಿಸಿ, ಒಂದೊಂದೇ ಅಕ್ಷರ ಆಡಿದಳು.

"ಇಲ್ಲ," ಎಂದು ಗೌರವ್ವ ಮಗಳ ಮಾತನ್ನು ತನ್ನ ಬಾಯಿಂದ ಓದಿದಳು. ಕಪ್ಪು ಎತ್ತಿಕೊಂಡು ತೊಳೆಯಲು ಒಳಗೆ ಹೋದಳು.